ಸ್ಟಾಪರ್ ಬ್ಯಾಕು

ಬೆಳಿಗ್ಗೆ ಆರಕ್ಕೆ ಆಸ್ಟಿನ್ ಟೌನ್ ಮೈದಾನಕ್ಕೆ
ಮೊದಲು ಬರುವುದು ಅರುಳಪ್ಪನ ಸೈಕಲ್ಲು.
ಕ್ಯಾರಿಯರ್ ಮೇಲೆ ಗೋಣಿಚೀಲ, ಒಳಗೆ ಹನ್ನೆರಡು ಚೆಂಡು;
ಮೂರಕ್ಕೆ ಗಾಳಿ ನಿಲ್ಲುವುದಿಲ್ಲ.
ಅರ್ಧ ಇಟ್ಟಿಗೆಗಳಿಗೆ ಸುಣ್ಣ ಬಳಿದು
ಹೆಜ್ಜೆ ಅಳೆದು ಇಡುತ್ತಾನೆ,
ಹಿತ್ತಲಲ್ಲಿ ಬದನೆ ಸಸಿ ನೆಡುವ ಹಾಗೆ.

ನಾನು ಮೊಮ್ಮಗಳ ಬೂಟಿನ ಲೇಸು ಕಟ್ಟುತ್ತ
ತಲೆ ಎತ್ತುವುದಿಲ್ಲ.
ಅವನೂ ನೋಡದವನ ಹಾಗೆ
ಸೀಟಿಯನ್ನು ಅಂಗಿಯ ಅಂಚಿಗೆ ಉಜ್ಜುತ್ತಾನೆ.
ಮೂರು ತಿಂಗಳಾಯಿತು ಹೀಗೆ.

ಎಂಬತ್ತನಾಲ್ಕು. ಅಶೋಕನಗರದ ಸ್ಟೇಡಿಯಂ.
ಹುಲ್ಲು ಕಡಿಮೆ, ಕೆಮ್ಮಣ್ಣು ಜಾಸ್ತಿ;
ಬಿದ್ದರೆ ತೊಡೆಯ ಚರ್ಮ ಅಲ್ಲೇ ಬಿಟ್ಟು ಏಳಬೇಕು.
ನಾನು ಮಿಲ್ಲಿನ ಲೆಫ್ಟ್ ವಿಂಗು,
ಅವನು ಫ್ಯಾಕ್ಟರಿಯ ಸ್ಟಾಪರ್ ಬ್ಯಾಕು.
ಗ್ಯಾಲರಿ ನನ್ನನ್ನು ಗಾಳಿಪಟ ಅಂತ ಕೂಗುತ್ತಿತ್ತು,
ತಮಿಳಲ್ಲಿ, ಉರ್ದುವಿನಲ್ಲಿ, ಕನ್ನಡದಲ್ಲಿ,
ಬೈಗುಳ ಮಾತ್ರ ಮೂರಕ್ಕೂ ಒಂದೇ.
ಅವನಿಗೆ ಅಡ್ಡಹೆಸರೂ ಇರಲಿಲ್ಲ.
ಗೋಲು ಹೊಡೆದವನ ಹೆಸರು ಮರುದಿನ ಪೇಪರಿನಲ್ಲಿ;
ಆಗದೇ ಹೋದ ಗೋಲಿನ ಲೆಕ್ಕ ಯಾವ ವರದಿಗಾರ ಬರೆದಾನು?
ಹನ್ನೊಂದು ವರ್ಷ ಆಡಿದ, ಮೂರು ಗೋಲು ಹೊಡೆದ,
ಅದರಲ್ಲೊಂದು ತನ್ನದೇ ಬಲೆಗೆ.

ಎಪ್ಪತ್ತೊಂದನೆಯ ನಿಮಿಷ.
ಇಬ್ಬರನ್ನು ದಾಟಿದ್ದೆ. ಗೋಲ್‌ಕೀಪರ್ ಮುಂದೆ ಬಂದಿದ್ದ.
ಎಲ್ಲಿದ್ದನೋ ಇವನು, ನೆಲಕ್ಕೆ ಜಾರಿ ಬಂದ,
ತೂಬು ಒಡೆದ ನೀರಿನ ಹಾಗೆ.
ಮೊದಲು ಚೆಂಡೋ, ಮೊದಲು ಮೊಣಕಾಲೋ,
ರೆಫರಿ ಊದಲಿಲ್ಲ.
ನನಗೆ ಕೇಳಿಸಿದ್ದು ಒಂದೇ ಸದ್ದು:
ನುಗ್ಗೆಯ ಕೊಂಬೆ ಮುರಿದದ್ದು.

ಆಮೇಲೆ ಬೌರಿಂಗ್ ಆಸ್ಪತ್ರೆ. ಆಮೇಲೆ ಮಿಲ್ಲಿನ ಗೇಟಿನಲ್ಲಿ
ಟೈಮ್ ಕೀಪರ್ ಕುರ್ಚಿ. ಆಮೇಲೆ ಮಿಲ್ಲೂ ಇಲ್ಲ.
ಆಸ್ಪತ್ರೆಗೆ ಬಂದಿದ್ದನಂತೆ, ಆರು ಮೂಸಂಬಿ
ವಾರ್ಡಿನ ಬಾಗಿಲಲ್ಲೇ ಆಯಾಳ ಕೈಗಿತ್ತು ಹೋದನಂತೆ.
ತಿಂದೆ.
ಯಾರು ಕೊಟ್ಟರೆಂದು ತಿಳಿದದ್ದು ಸಿಪ್ಪೆ ಎಸೆದ ಮೇಲೆ.

ಅವನ ಫ್ಯಾಕ್ಟರಿಯೂ ತಂಡ ಮುಚ್ಚಿತು.
ಹಗಲೆಲ್ಲ ಸ್ಟೋರ್ಸಿನಲ್ಲಿ ನಟ್ಟು ಬೋಲ್ಟು ಎಣಿಸಿ
ಸಂಜೆ ಗಲ್ಲಿ ಹುಡುಗರನ್ನು ಕಲೆಹಾಕಿದ.
ಕೋಚ್ ಲೈಸೆನ್ಸಿಗೆ ಎರಡು ಸಲ ಕೂತು ಇಂಗ್ಲಿಷಿನಲ್ಲಿ ಫೇಲು,
ಮೂರನೆಯ ಸಲ ಬರೀ ಚಿತ್ರ ಬರೆದು ಪಾಸು:
ಬಾಣ, ಸೊನ್ನೆ, ಗುಣಾಕಾರದ ಗುರುತು.
ಅವನ ಹುಡುಗರೀಗ ಕಲ್ಕತ್ತೆಯಲ್ಲಿ, ಗೋವಾದಲ್ಲಿ;
ಟೀವಿಯಲ್ಲಿ ಅವರ ಮುಖ ಬರುವ ಹೊತ್ತಿಗೆ
ಇವನು ಪಂಕ್ಚರ್ ಅಂಗಡಿಯಲ್ಲಿ
ಬ್ಲಾಡರಿಗೆ ತೇಪೆ ಹಾಕಿಸುತ್ತ ಕೂತಿರುತ್ತಾನೆ.

ಇವತ್ತು ಮೊಮ್ಮಗಳು ವಿಂಗ್ ಬೇಡ ಅಂದಳು.
"ತಾತ, ನಂಗೆ ಬ್ಯಾಕ್ ಆಡ್ಬೇಕು."
ನನ್ನ ಹೊಟ್ಟೆಯ ಮೇಲೆ ಯಾರೋ
ಬೂಟುಗಾಲಲ್ಲಿ ನಿಂತ ಹಾಗಾಯಿತು.

ಅವನು ಹುಡುಗಿಯರನ್ನು ಸುತ್ತ ಕೂರಿಸಿ ಹೇಳುತ್ತಿದ್ದ:
"ಕಾಲು ನೋಡ್ಬೇಡಿ, ಸುಳ್ಳು ಹೇಳುತ್ತೆ.
ಕಣ್ಣು ಇನ್ನೂ ದೊಡ್ಡ ಸುಳ್ಳು.
ಸೊಂಟ ನೋಡಿ. ಸೊಂಟ ಹೋದ ಕಡೆ ಆಸಾಮಿ.
ಜಾರಬೇಡಿ. ನಿಂತ್ಕೊಳ್ಳಿ. ಕಾಯಿರಿ.
ನಾನೊಂದ್ಸಲ ಕಾಯಲಿಲ್ಲ."

ಅಷ್ಟೇ. ಸೀಟಿ ಮತ್ತೆ ಅಂಗಿಯ ಅಂಚಿಗೆ.
ಮೆಟ್ಟಿಲ ಮೇಲಿದ್ದ ನನಗೆ ಕೇಳಲೆಂದೇ ಹೇಳಿದನೋ,
ಅವನ ಗಂಟಲೇ ದೊಡ್ಡದೋ.

"ಗಾಳಿಪಟ," ಅಂದ, ತಿರುಗದೆಯೇ.
"ಒಬ್ಬ ವಿಂಗರ್ ಕಮ್ಮಿ ಇದಾನೆ.
ಓಡೋದೇನೂ ಬೇಡ. ಬಾ."

ಚಪ್ಪಲಿ ಬಿಟ್ಟು ಹೋದೆ.
ಗಾಳಿಯಿಲ್ಲದ ಚೆಂಡನ್ನೇ ಕೊಟ್ಟ, ಬಡ್ಡಿಮಗ.
ಎಡಕ್ಕೆ ತೋರಿಸಿ ಬಲಕ್ಕೆ ತಿರುಗಿದೆ, ಹಳೇ ವರಸೆ;
ಮಂಡಿ ಕಟಕ್ ಎಂದಿತು, ಸೊಂಟ ಗುಟ್ಟು ಬಿಟ್ಟುಕೊಟ್ಟಿತು.
ಹನ್ನೆರಡರ ಹುಡುಗಿ ಎರಡು ಹೆಜ್ಜೆ ದೂರದಲ್ಲಿ
ಬಗ್ಗಿ ನಿಂತಿದ್ದಳು.
ಜಾರಲಿಲ್ಲ. ಕಾದಳು.
ಚೆಂಡು ತಾನಾಗಿ ಉರುಳಿ, ಸುಣ್ಣದ ಗೆರೆ ದಾಟಿ,
ಚರಂಡಿಯ ಪಕ್ಕ ನಿಂತಿತು.

"ಥ್ರೋ ಯಾರ್ದು?" ಕೇಳಿದಳು.

ಇಬ್ಬರೂ ಒಟ್ಟಿಗೆ ಕೈ ಎತ್ತಿದೆವು,
ಬೇರೆ ಬೇರೆ ದಿಕ್ಕಿಗೆ.